ತಡೆದ ಪುಟ ಗೂಗಲ್‌ನಲ್ಲಿ ಕಾಣುತ್ತಿದೆ, ತಡೆದ ಇನ್ನೊಂದು ಕಡೆ ಬಾಟ್ ಓಡಾಡುತ್ತಿದೆ. ರೋಬಾಟ್ಸ್ ಫೈಲ್ ಬಲ್ಲವರು ಹೇಳಿ

ಜೋಡಿನಕ್ಷತ್ರ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಜೋಡಿ ನಕ್ಷತ್ರಗಳನ್ನು ದೂರದರ್ಶಕದಲ್ಲಿ ನೋಡಿ, ಅವುಗಳ ನಡುವಿನ ಅಂತರ ಅಳೆದು ಬರೆದಿಡುವುದು ನನ್ನ ಹವ್ಯಾಸ. 11 ವರ್ಷದ ಟಿಪ್ಪಣಿಗಳನ್ನು ಒಂದು ಸಣ್ಣ ವೆಬ್‌ಸೈಟ್‌ನಲ್ಲಿ ಹಾಕಿದ್ದೇನೆ. ಸುಮಾರು 1,200 ಪುಟ. ಕಂಪ್ಯೂಟರ್ ನನ್ನ ಕಸುಬಲ್ಲ. ಬೇಕಾದಷ್ಟನ್ನು ಕೇಳಿ, ಓದಿ ಕಲಿತವನು.

ಈಚೆಗೆ ಸರ್ವರ್ ಬದಲಿಸಿದೆವು. ಕೆಲಸ ಮಾಡಿಕೊಟ್ಟವರು ಮೊದಲು ಪ್ರಯೋಗಕ್ಕೆ ಅಂತ ಒಂದು ನಕಲು ಸೈಟ್ ಮಾಡಿದ್ದರು. ಅದು ಹುಡುಕಾಟದಲ್ಲಿ ಬರಬಾರದು ಅಂತ ಅದರ ರೋಬಾಟ್ಸ್ ಡಾಟ್ ಟೆಕ್ಸ್ಟ್ ಫೈಲಿನಲ್ಲಿ (ಎಲ್ಲಿಗೆ ಬರಬಾರದು ಅಂತ ಬಾಟ್‌ಗಳಿಗೆ, ಅಂದರೆ ಪುಟ ಓದುತ್ತಾ ಓಡಾಡುವ ಪ್ರೋಗ್ರಾಂಗಳಿಗೆ, ಹೇಳುವ ಫೈಲ್) ಎರಡೇ ಸಾಲು ಇಟ್ಟಿದ್ದರು. ಫೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ, ಇಲ್ಲಿ ಓದುವ ಹಾಗೆ ಕನ್ನಡದಲ್ಲಿ ಬರೆಯುತ್ತೇನೆ:

ಯೂಸರ್-ಏಜೆಂಟ್: *
ಡಿಸ್‌ಅಲೋ: /

ಅಂದರೆ ಯಾವ ಬಾಟೂ ಯಾವ ಪುಟಕ್ಕೂ ಬರಬೇಡಿ ಅಂತ. ಎಲ್ಲ ಮುಗಿದ ಮೇಲೆ ಆ ನಕಲನ್ನು ಹಾಗೇ ಎತ್ತಿ ನಿಜವಾದ ಸೈಟ್‌ಗೆ ಹಾಕಿದರು. ಈ ಫೈಲ್ ಕೂಡ ಜೊತೆಯಲ್ಲೇ ಬಂತು. 19 ದಿನ ನನಗೆ ಗೊತ್ತೇ ಆಗಲಿಲ್ಲ. ಓದುವವರು ಯಾಕೆ ಇಷ್ಟು ಕಡಿಮೆ ಆದರು ಅಂತ ಯೋಚಿಸುತ್ತಾ ಕೂತಿದ್ದೆ. ಕೊನೆಗೆ ಬ್ರೌಸರ್‌ನಲ್ಲಿ ಫೈಲ್ ತೆಗೆದು ನೋಡಿದೆ. ಆ ಒಂದು ಸ್ಲ್ಯಾಶ್ ನೋಡಿ ಕೈ ತಣ್ಣಗಾಯಿತು. ಆ ಸ್ಲ್ಯಾಶ್ ಇಲ್ಲದೆ ಡಿಸ್‌ಅಲೋ ಮುಂದೆ ಖಾಲಿ ಬಿಟ್ಟಿದ್ದರೆ ‘ಎಲ್ಲವನ್ನೂ ಓದಿಕೊಳ್ಳಿ’ ಅಂತ ಅರ್ಥವಂತೆ. ಒಂದೇ ಗೆರೆ, ಅರ್ಥ ಪೂರ್ತಿ ತಿರುಗುಮುರುಗು.

ಸರಿ, ಅದನ್ನು ತೆಗೆದು ನಾನೇ ಹೊಸದಾಗಿ ಬರೆದೆ. ಈಗ ಫೈಲ್ ಹೀಗಿದೆ:

ಯೂಸರ್-ಏಜೆಂಟ್: *
ಡಿಸ್‌ಅಲೋ: /ಡ್ರಾಫ್ಟ್ಸ್/
ಡಿಸ್‌ಅಲೋ: /ಅಸೆಟ್ಸ್/
ಡಿಸ್‌ಅಲೋ: /ಸರ್ಚ್
ಕ್ರಾಲ್-ಡಿಲೇ: 10

ಯೂಸರ್-ಏಜೆಂಟ್: ಗೂಗಲ್‌ಬಾಟ್
ಡಿಸ್‌ಅಲೋ: /ಡ್ರಾಫ್ಟ್ಸ್/
ಡಿಸ್‌ಅಲೋ: /ಅಸೆಟ್ಸ್/

ಈಗ ತೊಂದರೆಗೆ ಬರುತ್ತೇನೆ.

ನನಗೆ ನಿಜವಾಗಿ ನಿದ್ದೆ ಕೆಡಿಸಿರುವುದು ಡ್ರಾಫ್ಟ್ಸ್ ಫೋಲ್ಡರ್. ಅದರಲ್ಲಿ 41 ಹಳೆಯ ಟಿಪ್ಪಣಿ ಇವೆ. ಆ ಕಾಲದಲ್ಲಿ ನಾನು ಐಪೀಸ್‌ನ ಅಳತೆಪಟ್ಟಿಯನ್ನು ತಪ್ಪಾಗಿ ಹೊಂದಿಸಿಕೊಂಡಿದ್ದೆ. ಅಷ್ಟೂ ಅಂತರದ ಅಂಕಿಗಳು ತಪ್ಪು. ಒಬ್ಬ ವಿದ್ಯಾರ್ಥಿ ಅದರಲ್ಲಿನ ಒಂದು ಅಂಕಿಯನ್ನು ತನ್ನ ವರದಿಯಲ್ಲಿ ಬಳಸಿ, ಆಮೇಲೆ ನನಗೆ ಪತ್ರ ಬರೆದು ಕೇಳಿದ. ಅವತ್ತೇ ಆ ಪುಟಗಳನ್ನು ಹುಡುಕಾಟದಿಂದ ತೆಗೆಯಬೇಕು ಅಂತ ತೀರ್ಮಾನ ಮಾಡಿದೆ. ರೋಬಾಟ್ಸ್ ಫೈಲಿನಲ್ಲಿ ತಡೆದೆ. ಅದು ಸಾಲದು ಅಂತ ಪ್ರತಿ ಪುಟದ ತಲೆಯಲ್ಲೂ ‘ಹುಡುಕಾಟದಲ್ಲಿ ತೋರಿಸಬೇಡಿ’ ಅನ್ನುವ ನೋಇಂಡೆಕ್ಸ್ ಟ್ಯಾಗ್ ಹಾಕಿದೆ. ಎರಡು ಬೀಗ. ಆದರೆ ಆರು ವಾರ ಆಯಿತು, ಗೂಗಲ್‌ನಲ್ಲಿ ಹುಡುಕಿದರೆ ಆ ಪುಟಗಳು ಇನ್ನೂ ಬರುತ್ತಿವೆ. ಕೆಳಗೆ ವಿವರಣೆ ಇಲ್ಲ, ‘ಈ ಪುಟದ ಬಗ್ಗೆ ಮಾಹಿತಿ ಲಭ್ಯವಿಲ್ಲ’ ಅನ್ನುವ ಥರ ಒಂದು ಸಾಲು. ಕೊಂಡಿ ಮಾತ್ರ ಇದೆ. ಒತ್ತಿದರೆ ತಪ್ಪು ಅಂಕಿಗಳ ಪುಟವೇ ತೆರೆಯುತ್ತದೆ.

ಇನ್ನೊಂದು ವಿಚಿತ್ರ. ಸರ್ಚ್ ಪುಟವನ್ನು ತಡೆದಿದ್ದೇನೆ ಅಲ್ವಾ? ಸರ್ವರ್ ಲಾಗ್ (ಯಾರು ಯಾವ ಪುಟ ಕೇಳಿದರು ಅನ್ನುವ ದಾಖಲೆ) ನೋಡಿದರೆ ಗೂಗಲ್‌ಬಾಟ್ ಹೆಸರಿನಲ್ಲಿ ಬರುವ ಕೋರಿಕೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ. ಪ್ರಕಾಶದ ಪ್ರಕಾರ ಜೋಡಿಸು, ಅಂತರದ ಪ್ರಕಾರ ಜೋಡಿಸು, ಬಣ್ಣದ ಪ್ರಕಾರ ಸೋಸು, ಹೀಗೆ ಎಷ್ಟು ಬಗೆಯ ವಿಳಾಸ ಸಾಧ್ಯವೋ ಅಷ್ಟನ್ನೂ ತೆಗೆದು ನೋಡುತ್ತಿದೆ. ಅತ್ತ ನಿಜವಾದ ಟಿಪ್ಪಣಿ ಪುಟಗಳಿಗೆ ಬರುವುದೇ ಅಪರೂಪ.

ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಯಾವ ಪುಟ ಪರೀಕ್ಷಿಸಿದರೂ ಅದರ ಚಿತ್ರದಲ್ಲಿ ಅಕ್ಷರ ಒಂದರ ಮೇಲೊಂದು ಬಿದ್ದಿವೆ, ನಕ್ಷೆಗಳೇ ಇಲ್ಲ. ಬ್ರೌಸರ್‌ನಲ್ಲಿ ಎಲ್ಲ ಸರಿಯಾಗಿದೆ.

ನಾನು ಎಲ್ಲಿ ಎಡವಿದ್ದೇನೆ?

---

ಮೂಲೆಸರ್ವರ್ ಬರೆದದ್ದು

ಡ್ರಾಫ್ಟ್ಸ್ ಮೇಲಿನ ಡಿಸ್‌ಅಲೋ ತೆಗೆಯಿರಿ. ಕೇಳೋಕೆ ಉಲ್ಟಾ ಅನಿಸುತ್ತದೆ, ಆದರೆ ನಿಮ್ಮ ಒಂದು ಬೀಗ ಇನ್ನೊಂದನ್ನು ಕೆಲಸ ಮಾಡಲು ಬಿಡುತ್ತಿಲ್ಲ. ವಿವರವಾಗಿ ಹೇಳುವವರು ಇಲ್ಲಿ ಇದ್ದಾರೆ, ಅವರಿಗೆ ಬಿಡುತ್ತೇನೆ.

---

ಲಾಗ್‌ಓದುಗ ಬರೆದದ್ದು

ಮೂಲೆಸರ್ವರ್ ಹೇಳಿದ್ದು ಸರಿ. ನನ್ನ ದಿನದ ಕೆಲಸವೇ ಸರ್ವರ್ ಲಾಗ್ ನೋಡುವುದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಮ್ಮ ಮೂರೂ ತೊಂದರೆಗೆ ಉತ್ತರ ಆ ಎಂಟು ಸಾಲಿನ ಫೈಲಿನಲ್ಲೇ ಇದೆ.

ಡ್ರಾಫ್ಟ್ಸ್‌ನಿಂದ ಶುರು ಮಾಡೋಣ. ಸರ್ಚ್ ಎಂಜಿನ್ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಪುಟವನ್ನು ತಂದು ಓದುವುದು ಒಂದು, ಅದು ಕ್ರಾಲ್. ಪಟ್ಟಿಯಲ್ಲಿ ಸೇರಿಸಿ ಹುಡುಕಿದವರಿಗೆ ತೋರಿಸುವುದು ಇನ್ನೊಂದು, ಅದು ಇಂಡೆಕ್ಸ್. ರೋಬಾಟ್ಸ್ ಫೈಲ್ ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ. ‘ಈ ವಿಳಾಸಕ್ಕೆ ಬರಬೇಡ’ ಅಂತ ಹೇಳುತ್ತದೆ. ‘ಈ ವಿಳಾಸ ಇದೆ ಅಂತ ಯಾರಿಗೂ ಹೇಳಬೇಡ’ ಅಂತ ಹೇಳುವುದಿಲ್ಲ. ನಿಮ್ಮ ಹಳೆಯ ಟಿಪ್ಪಣಿಗಳಿಗೆ ಬೇರೆ ಸೈಟ್‌ಗಳಿಂದ ಕೊಂಡಿ ಇರುತ್ತವೆ. ಆ ಕೊಂಡಿ ನೋಡಿ ಗೂಗಲ್‌ಗೆ ವಿಳಾಸ ಗೊತ್ತು. ಒಳಗೆ ಹೋಗುವಂತಿಲ್ಲ, ಆದ್ದರಿಂದ ಒಳಗೇನಿದೆ ಗೊತ್ತಿಲ್ಲ. ಹಾಗಾಗಿ ವಿವರಣೆ ಇಲ್ಲದ ಬರೀ ಕೊಂಡಿ ತೋರಿಸುತ್ತಿದೆ.

ನೋಇಂಡೆಕ್ಸ್ ಟ್ಯಾಗ್ ಇರುವುದು ಪುಟದ ಒಳಗೆ. ಪುಟ ಓದಿದರೆ ತಾನೇ ಅದು ಕಾಣುವುದು? ಬಾಗಿಲಿಗೆ ಬೀಗ ಜಡಿದು, ‘ನನ್ನ ಹೆಸರು ಪಟ್ಟಿಯಿಂದ ತೆಗೆಯಿರಿ’ ಅನ್ನುವ ಚೀಟಿಯನ್ನು ಮನೆಯೊಳಗಿನ ಗೋಡೆಗೆ ಅಂಟಿಸಿದ್ದೀರಿ. ಬೀಗ ತೆಗೆಯಿರಿ. ಬಾಟ್ ಬರಲಿ, ಚೀಟಿ ಓದಲಿ, ತಾನಾಗಿಯೇ ಕೈಬಿಡುತ್ತದೆ. ಪ್ರತಿ ಪುಟವನ್ನೂ ಅದು ಮತ್ತೊಮ್ಮೆ ಓದಬೇಕಾದ್ದರಿಂದ ಕೆಲವು ದಿನ, ಕೆಲವಕ್ಕೆ ವಾರಗಳೂ ಹಿಡಿಯುತ್ತವೆ. ಅಷ್ಟು ಕಾಯಲಾಗದು ಅಂದರೆ ಸರ್ಚ್ ಕನ್ಸೋಲ್‌ನ ರಿಮೂವಲ್ಸ್‌ನಲ್ಲಿ ಆ ಫೋಲ್ಡರ್ ವಿಳಾಸ ಕೊಡಿ. ಅದು ಸುಮಾರು ಆರು ತಿಂಗಳ ಮಟ್ಟಿಗೆ ಮಾತ್ರ ಮರೆಮಾಡುತ್ತದೆ, ನೋಇಂಡೆಕ್ಸ್ ಜೊತೆಗೇ ಇರಲಿ.

ಕೆಲವರು ರೋಬಾಟ್ಸ್ ಫೈಲಿನ ಒಳಗೇ ನೋಇಂಡೆಕ್ಸ್ ಅಂತ ಸಾಲು ಬರೆಯಿರಿ ಅಂತ ಸಲಹೆ ಕೊಡುತ್ತಾರೆ. ಹಳೆಯ ಸಲಹೆ ಅದು, ಕೇಳಬೇಡಿ. ಅದು ಯಾವತ್ತೂ ಅಧಿಕೃತ ನಿಯಮವಾಗಿರಲಿಲ್ಲ. ಗೂಗಲ್ 2019ರ ಸೆಪ್ಟೆಂಬರ್ 1ರಿಂದ ಅದನ್ನು ಪರಿಗಣಿಸುವುದನ್ನೇ ನಿಲ್ಲಿಸಿದೆ.

ಈಗ ಸರ್ಚ್ ಪುಟದ ವಿಷಯ. ಇದು ನನಗೆ ತುಂಬಾ ಇಷ್ಟವಾದ ತಪ್ಪು, ಯಾಕೆಂದರೆ ಫೈಲ್ ಓದುವ ಮನುಷ್ಯರೆಲ್ಲ ಹೀಗೇ ತಪ್ಪು ತಿಳಿಯುತ್ತಾರೆ. ನಾವು ಮೇಲಿನಿಂದ ಕೆಳಗೆ ಓದುತ್ತೇವೆ. ‘ಮೊದಲು ಎಲ್ಲರಿಗೂ ನಿಯಮ, ಆಮೇಲೆ ಗೂಗಲ್‌ಬಾಟ್‌ಗೆ ಇನ್ನಷ್ಟು’ ಅಂದುಕೊಳ್ಳುತ್ತೇವೆ. ಬಾಟ್ ಹಾಗೆ ಓದುವುದಿಲ್ಲ. ತನ್ನ ಹೆಸರಿನ ಗುಂಪು ಇದೆಯಾ ಅಂತ ಮೊದಲು ನೋಡುತ್ತದೆ. ಇದ್ದರೆ ಅದನ್ನು ಮಾತ್ರ ಪಾಲಿಸುತ್ತದೆ. ನಕ್ಷತ್ರ ಗುರುತಿನ ಗುಂಪು ಅದಕ್ಕೆ ಇಲ್ಲದ ಹಾಗೇ. ನಿಮ್ಮ ಗೂಗಲ್‌ಬಾಟ್ ಗುಂಪಿನಲ್ಲಿ ಡ್ರಾಫ್ಟ್ಸ್ ಇದೆ, ಅಸೆಟ್ಸ್ ಇದೆ, ಸರ್ಚ್ ಇಲ್ಲ. ಅಂದರೆ ಸರ್ಚ್ ಪುಟಕ್ಕೆ ಅದಕ್ಕೆ ಪೂರ್ತಿ ಅನುಮತಿ ಇದೆ. ಅದು ನಿಮ್ಮ ಮಾತು ಮೀರಿಲ್ಲ, ನೀವು ಬರೆದದ್ದನ್ನೇ ನಡೆಸುತ್ತಿದೆ. ಗೂಗಲ್‌ಬಾಟ್‌ಗೆ ಬೇರೆ ಗುಂಪು ನಿಮಗೆ ಬೇಕಾಗಿಯೇ ಇಲ್ಲ. ಅದನ್ನು ಅಳಿಸಿ.

ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಬಂದಿರುವುದು ನಿಜವಾದ ಗೂಗಲ್‌ಬಾಟ್ ತಾನಾ ಅಂತ ನೋಡಿ. ಲಾಗ್‌ನಲ್ಲಿ ಕಾಣುವ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಅದರ ಐಪಿ ಸಂಖ್ಯೆಯಿಂದ (ಕೋರಿಕೆ ಕಳಿಸಿದ ಯಂತ್ರದ ವಿಳಾಸ) ಹಿಮ್ಮುಖವಾಗಿ ಡಿಎನ್‌ಎಸ್ ಹೆಸರು (ಆ ಸಂಖ್ಯೆಗೆ ನೋಂದಾಯಿಸಿದ ಹೆಸರು) ಹುಡುಕಿ. ಅದು ಗೂಗಲ್‌ಬಾಟ್ ಡಾಟ್ ಕಾಮ್ ಅಂತ ಕೊನೆಯಾಗಬೇಕು. ಅಷ್ಟಕ್ಕೆ ನಿಲ್ಲಿಸಬೇಡಿ. ಆ ಹೆಸರಿನಿಂದ ಮತ್ತೆ ಮುಂದಕ್ಕೆ ಹುಡುಕಿದರೆ ಅದೇ ಐಪಿ ಬರಬೇಕು. ಎರಡೂ ಹೊಂದಿದರೆ ಮಾತ್ರ ನಿಜ.

ಅಸೆಟ್ಸ್ ತಡೆದದ್ದು ಯಾಕೆ ಅಂತ ಊಹಿಸಬಲ್ಲೆ. ಸರ್ವರ್ ಮೇಲಿನ ಭಾರ ಕಡಿಮೆ ಆಗಲಿ ಅಂತ. ಆದರೆ ಪುಟದ ವಿನ್ಯಾಸದ ಸಿಎಸ್‌ಎಸ್ ಮತ್ತು ಜಾವಾಸ್ಕ್ರಿಪ್ಟ್ ಅಲ್ಲೇ ಇವೆ. ಗೂಗಲ್ ಈಗ ಬರೀ ಅಕ್ಷರ ಓದುವುದಿಲ್ಲ, ಕ್ರೋಮ್ ಥರದ ಬ್ರೌಸರ್‌ನಲ್ಲಿ ಪುಟವನ್ನು ಬಿಡಿಸಿ ನೋಡುತ್ತದೆ. ಆ ಫೈಲ್‌ಗಳು ಸಿಗದಿದ್ದರೆ ಅದಕ್ಕೆ ಕಾಣುವುದು ನೀವು ನೋಡಿದ ಆ ಕೆಟ್ಟ ಚಿತ್ರವೇ. ನಕ್ಷೆಗಳನ್ನು ಸ್ಕ್ರಿಪ್ಟ್ ಬಿಡಿಸುತ್ತಿದ್ದರೆ ಅವು ಅದರ ಪಾಲಿಗೆ ಇಲ್ಲವೇ ಇಲ್ಲ. ಇವನ್ನು ತಡೆಯಬೇಡಿ ಅಂತ ಗೂಗಲ್ 2014ರಲ್ಲೇ ತನ್ನ ಸೂಚನೆಗಳಲ್ಲಿ ಸೇರಿಸಿತು. ಆ ಸಾಲು ತೆಗೆಯಿರಿ.

ಕ್ರಾಲ್-ಡಿಲೇ (ಎರಡು ಕೋರಿಕೆಗಳ ನಡುವೆ ಬಾಟ್ ಕಾಯಬೇಕಾದ ಸಮಯ) ಬಗ್ಗೆ: ಗೂಗಲ್ ಅದನ್ನು ಓದಿ ಬಿಟ್ಟುಬಿಡುತ್ತದೆ. ಬಿಂಗ್ ಪಾಲಿಸುತ್ತದೆ. ಹತ್ತು ಸೆಕೆಂಡ್ ಅಂದರೆ ದಿನಕ್ಕೆ ಹೆಚ್ಚೆಂದರೆ 8,640 ಪುಟ. 1,200 ಪುಟದ ಸೈಟ್‌ಗೆ ಅದರಿಂದ ನಷ್ಟವಿಲ್ಲ, ಲಾಭವೂ ಇಲ್ಲ.

ಕೊನೆಗೆ ಫೈಲ್ ಇಷ್ಟೇ ಆಗಲಿ:

ಯೂಸರ್-ಏಜೆಂಟ್: *
ಡಿಸ್‌ಅಲೋ: /ಸರ್ಚ್?
ಸೈಟ್‌ಮ್ಯಾಪ್: ನಿಮ್ಮ ಸೈಟ್‌ಮ್ಯಾಪ್‌ನ ಪೂರ್ತಿ ವಿಳಾಸ, ಎಚ್‌ಟಿಟಿಪಿಎಸ್ ಸಮೇತ

ನಿಮ್ಮ ಫೈಲಿನಲ್ಲಿ ಸೈಟ್‌ಮ್ಯಾಪ್ (ಸೈಟ್‌ನ ಪುಟಗಳ ವಿಳಾಸಗಳ ಪಟ್ಟಿ) ಸಾಲೇ ಇರಲಿಲ್ಲ. ಸೈಟ್‌ಮ್ಯಾಪ್ ಇದೆಯಾ? ಇದ್ದರೆ ಅದರ ಮೊದಲ ಕೆಲವು ಸಾಲು ಇಲ್ಲಿ ಹಾಕಿ, ನೋಡೋಣ. ಹೊಸ ಫೈಲ್ ಹಾಕಿದ ತಕ್ಷಣ ಬದಲಾವಣೆ ಕಾಣುವುದಿಲ್ಲ. ಗೂಗಲ್ ಸಾಮಾನ್ಯವಾಗಿ 24 ಗಂಟೆಯವರೆಗೆ ಹಳೆಯ ಪ್ರತಿಯನ್ನೇ ಇಟ್ಟುಕೊಂಡಿರುತ್ತದೆ. ಅವಸರ ಇದ್ದರೆ ಸರ್ಚ್ ಕನ್ಸೋಲ್‌ನ ರೋಬಾಟ್ಸ್ ವರದಿಯಲ್ಲಿ ಮತ್ತೆ ಓದಲು ಕೇಳಬಹುದು.

---

ಜೋಡಿನಕ್ಷತ್ರ ಬರೆದದ್ದು

ಲಾಗ್‌ಓದುಗ ಅವರೇ, ಇಷ್ಟು ಹೊತ್ತು ಕೂತು ಬರೆದಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಗೋಡೆಗೆ ಅಂಟಿಸಿದ ಚೀಟಿಯ ಮಾತು ಓದಿದ ಮೇಲೆ ಆರು ವಾರದ ಗೊಂದಲ ಒಂದೇ ಸಲಕ್ಕೆ ಬಿಟ್ಟುಹೋಯಿತು.

ನೀವು ಹೇಳಿದ ಹಾಗೆ ಐಪಿ ಪರೀಕ್ಷಿಸಿದೆ. ಲಾಗ್‌ನಿಂದ ಹತ್ತು ಸಂಖ್ಯೆ ಆರಿಸಿಕೊಂಡೆ. ಎಂಟು ನಿಜವಾದ ಗೂಗಲ್‌ಬಾಟ್, ಹಿಂದಕ್ಕೂ ಮುಂದಕ್ಕೂ ಹೊಂದುತ್ತವೆ. ಎರಡು ಬರೀ ಹೆಸರು ಹಾಕಿಕೊಂಡು ಬಂದವು.

ಫೈಲ್ ಬದಲಿಸಿದ್ದೇನೆ. ಸೈಟ್‌ಮ್ಯಾಪ್ ಇದೆ, ಅದನ್ನೂ ತೆಗೆದು ನೋಡಿದೆ. 1,200 ಪುಟಕ್ಕೂ ಲಾಸ್ಟ್‌ಮಾಡ್ (ಪುಟ ಕೊನೆಗೆ ಬದಲಾದ ದಿನ) ಅನ್ನುವ ಕಡೆ ಒಂದೇ ದಿನಾಂಕ. ಸರ್ವರ್ ಬದಲಾದ ದಿನದ್ದು. ಪ್ರಯಾರಿಟಿ ಅನ್ನುವ ಕಡೆ ಎಲ್ಲದಕ್ಕೂ 1.0. ಇದು ಸರಿಯಾ? 41 ಡ್ರಾಫ್ಟ್‌ಗಳೂ ಅದರಲ್ಲಿ ಸೇರಿವೆ.

---

ಲಾಗ್‌ಓದುಗ ಬರೆದದ್ದು

ಪ್ರಯಾರಿಟಿಯನ್ನು ಗೂಗಲ್ ನೋಡುವುದೇ ಇಲ್ಲ, ಪುಟ ಎಷ್ಟು ಸಲ ಬದಲಾಗುತ್ತದೆ ಅಂತ ಹೇಳುವ ಚೇಂಜ್‌ಫ್ರೀಕ್ ಅನ್ನೂ ನೋಡುವುದಿಲ್ಲ. ಅವೆರಡರ ಚಿಂತೆ ಬಿಡಿ. ಲಾಸ್ಟ್‌ಮಾಡ್ ಮಾತ್ರ ಮುಖ್ಯ. ಅದೂ ನಂಬುವ ಹಾಗಿದ್ದರೆ. 1,200 ಪುಟವೂ ಒಂದೇ ದಿನ ಬದಲಾಯಿತು ಅಂತ ಹೇಳಿ, ಬಾಟ್ ಬಂದು ನೋಡಿದಾಗ ಏನೂ ಬದಲಾಗಿಲ್ಲ ಅಂದರೆ, ಮುಂದೆ ನಿಮ್ಮ ದಿನಾಂಕಕ್ಕೆ ಬೆಲೆ ಇರುವುದಿಲ್ಲ. ಪುಟದ ವಿಷಯ ನಿಜವಾಗಿ ಬದಲಾದ ದಿನವನ್ನೇ ಹಾಕಿ. ಅಡಿಬರಹದಲ್ಲಿ ವರ್ಷ ಬದಲಿಸಿದ್ದೆಲ್ಲ ಲೆಕ್ಕಕ್ಕಿಲ್ಲ.

ಡ್ರಾಫ್ಟ್‌ಗಳು ಸೈಟ್‌ಮ್ಯಾಪ್‌ನಲ್ಲಿ ಶಾಶ್ವತವಾಗಿ ಇರಬಾರದು. ಒಂದು ಕಡೆ ‘ಬನ್ನಿ ಓದಿ’, ಇನ್ನೊಂದು ಕಡೆ ‘ತೋರಿಸಬೇಡಿ’ ಅಂದ ಹಾಗಾಗುತ್ತದೆ. ಆದರೆ ಈಗಲೇ ತೆಗೆಯಬೇಡಿ. ಆ 41ಕ್ಕೆ ಮಾತ್ರ, ನೋಇಂಡೆಕ್ಸ್ ಹಾಕಿದ ದಿನವನ್ನು ಲಾಸ್ಟ್‌ಮಾಡ್ ಆಗಿ ಕೊಟ್ಟು ಸ್ವಲ್ಪ ದಿನ ಬಿಡಿ. ಬಾಟ್ ಬೇಗ ಬಂದು ಟ್ಯಾಗ್ ಓದಿಕೊಳ್ಳಲಿ. ಪಟ್ಟಿಯಿಂದ ಬಿದ್ದ ಮೇಲೆ ತೆಗೆಯಿರಿ. ಗಾತ್ರದ ಚಿಂತೆ ನಿಮಗಿಲ್ಲ. ಒಂದು ಸೈಟ್‌ಮ್ಯಾಪ್ ಫೈಲಿಗೆ 50,000 ವಿಳಾಸ ಅಥವಾ ಕುಗ್ಗಿಸದೆ 50 ಎಂಬಿಯವರೆಗೆ ಅವಕಾಶ ಇದೆ.

---

ಮುದ್ರಣಪುಟ ಬರೆದದ್ದು

ಸರ್, ನೀವು ಫೈಲ್ ತಿದ್ದುವಾಗ ಒಂದು ಎಚ್ಚರ. ನನಗಾದದ್ದು ನಿಮಗಾಗಬಾರದು ಅಂತ ಬರೆಯುತ್ತಿದ್ದೇನೆ.

ಡಿಸ್‌ಅಲೋ ಮುಂದೆ ಬರೆಯುವುದು ವಿಳಾಸದ ಶುರುವಿನ ಭಾಗ. ಅದರಿಂದ ಶುರುವಾಗುವ ಎಲ್ಲವೂ ಅದರಡಿ ಬರುತ್ತವೆ. ನಾನು ಪ್ರಿಂಟ್ ಪುಟಗಳನ್ನು ತಡೆಯಲು ಹೊರಟೆ. ಅವುಗಳ ವಿಳಾಸ ‘/ಪಿ’ ಅನ್ನುವ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ಸ್ಲ್ಯಾಶ್, ಆಮೇಲೆ ಸಂಖ್ಯೆ. ಬರೆಯುವಾಗ ಕೊನೆಯ ಸ್ಲ್ಯಾಶ್ ಬಿಟ್ಟೆ. ಫೋಟೋಸ್, ಪೀಪಲ್, ಪೊಯೆಮ್ಸ್, ಪಿ ಅಕ್ಷರದಿಂದ ಶುರುವಾಗುವ ಎಲ್ಲ ಫೋಲ್ಡರ್‌ಗಳೂ ಮುಚ್ಚಿಹೋದವು. ಎರಡು ತಿಂಗಳು ನನ್ನ ಕವಿತೆಗಳ ವಿಭಾಗ ಹುಡುಕಾಟದಲ್ಲಿ ಸತ್ತ ಹಾಗಿತ್ತು. ತುಂಬಾ ಸಂಕಟ ಪಟ್ಟೆ.

ದೊಡ್ಡಕ್ಷರ ಸಣ್ಣಕ್ಷರವೂ ಮುಖ್ಯ. ಡಿಸ್‌ಅಲೋ ಅನ್ನುವ ಪದವನ್ನು ಹೇಗೆ ಬರೆದರೂ ನಡೆಯುತ್ತದೆ, ಆದರೆ ಫೋಲ್ಡರ್ ಹೆಸರು ವಿಳಾಸದಲ್ಲಿ ಇರುವ ಹಾಗೇ ಇರಬೇಕು.

ಒಂದೇ ಪುಟಕ್ಕೆ ಅಲೋ, ಡಿಸ್‌ಅಲೋ ಎರಡೂ ಹೊಂದಿದರೆ ಉದ್ದವಾದ ಸಾಲು ಗೆಲ್ಲುತ್ತದೆ, ಯಾವುದು ಮೇಲಿದೆ ಅನ್ನುವುದಲ್ಲ. ನಾನು ಇಡೀ ಫೋಲ್ಡರ್ ತಡೆದು ಒಳಗಿನ ಒಂದು ಪುಟಕ್ಕೆ ಮಾತ್ರ ಅಲೋ ಕೊಟ್ಟಿದ್ದೇನೆ, ಸರಿಯಾಗಿ ನಡೆಯುತ್ತಿದೆ.

ನಿಮ್ಮ ವಿಳಾಸಗಳಲ್ಲಿ ಕನ್ನಡ ಅಕ್ಷರ ಇದ್ದರೆ ಫೈಲನ್ನು ಯುಟಿಎಫ್-8 ಅನ್ನುವ ಅಕ್ಷರ ಸಂಕೇತದಲ್ಲೇ ಉಳಿಸಿ. ಒಂದು ‘ಕ’ ಅನ್ನುವುದು ಅಲ್ಲಿ ಮೂರು ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಗುರುತಿನ ಜೊತೆ ಮೂರು ಚಿಹ್ನೆ ಆಗುತ್ತದೆ, ಹಾಗಾಗಿ ಆ ಒಂದು ‘ಕ’ ಒಂಬತ್ತು ಚಿಹ್ನೆ ಆಗಿ ಕಾಣುತ್ತದೆ. ಲಾಗ್‌ನಲ್ಲಿ ಅದನ್ನು ನೋಡಿ ಏನೋ ಕೆಟ್ಟಿದೆ ಅಂತ ಮೊದಲ ಸಲ ಗಾಬರಿಯಾಗಿದ್ದೆ.

---

ಹಳೆಬೇರು ಬರೆದದ್ದು

ಚರ್ಚೆ ಚೆನ್ನಾಗಿದೆ. ಮೊದಲ ಪೋಸ್ಟ್‌ನಲ್ಲಿ ‘ಎರಡು ಬೀಗ’ ಅನ್ನುವ ಮಾತು ಇದೆ ಅಲ್ವಾ, ಅದರ ಬಗ್ಗೆ ಒಂದು ಮಾತು. ರೋಬಾಟ್ಸ್ ಫೈಲ್ ಬೀಗ ಅಲ್ಲ. ಬಾಗಿಲ ಮೇಲೆ ಬರೆದಿಟ್ಟ ವಿನಂತಿ.

1994ರಲ್ಲಿ ಮಾರ್ಟೈನ್ ಕೋಸ್ಟರ್ ಇದನ್ನು ಸೂಚಿಸಿದಾಗಲೂ ಉದ್ದೇಶ ಅಷ್ಟೇ ಇತ್ತು. ಆಗಿನ ಬಾಟ್‌ಗಳು ಸಣ್ಣ ಸರ್ವರ್‌ಗಳನ್ನು ಕೋರಿಕೆಗಳಿಂದ ಮುಳುಗಿಸುತ್ತಿದ್ದವು. ಬಾಟ್ ಬರೆಯುವವರು ತಾವೇ ಒಪ್ಪಿ ಪಾಲಿಸಲಿ ಅಂತ ಒಂದು ಸರಳ ಫೈಲ್. 28 ವರ್ಷ ಬರೀ ಒಪ್ಪಂದದ ಮೇಲೆ ನಡೆಯಿತು. 2022ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 9309 ಅನ್ನುವ ಇಂಟರ್‌ನೆಟ್ ಮಾನದಂಡದ ದಾಖಲೆಯಾಗಿ ಬರಹಕ್ಕೆ ಇಳಿಯಿತು. ಇದು ಪ್ರವೇಶದ ಅನುಮತಿ ಕೊಡುವ ವ್ಯವಸ್ಥೆ ಅಲ್ಲ ಅಂತ ಅದರ ಶುರುವಿನಲ್ಲೇ ಸ್ಪಷ್ಟವಾಗಿ ಹೇಳಿದ್ದಾರೆ.

ಹಾಗಾಗಿ ಯಾರೂ ನೋಡಲೇಬಾರದ್ದು ಇದ್ದರೆ ಪಾಸ್‌ವರ್ಡ್ ಹಾಕಿ. ಅದರ ಹೆಸರನ್ನು ಈ ಫೈಲಿನಲ್ಲಿ ಬರೆಯಲೇಬೇಡಿ. ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು. ಬ್ಯಾಕಪ್ ಫೋಲ್ಡರ್‌ನ ಹೆಸರನ್ನು ಡಿಸ್‌ಅಲೋ ಅಂತ ಬರೆದಿಟ್ಟ ಸೈಟ್‌ಗಳನ್ನು ನಾನು ಎಷ್ಟೋ ನೋಡಿದ್ದೇನೆ. ಕೆಟ್ಟ ಉದ್ದೇಶದಿಂದ ಬಂದವರಿಗೆ ದಾರಿ ತೋರಿಸಿಕೊಟ್ಟ ಹಾಗೆ.

ಎಐ ತರಬೇತಿಗೆ ಪುಟ ಕೊಡಬಾರದು ಅನ್ನುವವರಿಗೂ ಇದೇ ಫೈಲ್. ಓಪನ್‌ಎಐನ ಜಿಪಿಟಿಬಾಟ್, ಕಾಮನ್ ಕ್ರಾಲ್‌ನ ಸಿಸಿಬಾಟ್, ಇವುಗಳ ಹೆಸರಿಗೆ ಬೇರೆ ಗುಂಪು ಬರೆಯಬಹುದು. ಗೂಗಲ್-ಎಕ್ಸ್‌ಟೆಂಡೆಡ್ ಅಂತ ಇನ್ನೊಂದಿದೆ. ಆ ಹೆಸರಿನಲ್ಲಿ ಯಾವ ಬಾಟೂ ಬರುವುದಿಲ್ಲ, ಲಾಗ್‌ನಲ್ಲಿ ಹುಡುಕಬೇಡಿ. ಅದು ಬರೀ ಒಪ್ಪಿಗೆಯ ಗುರುತು. ಅದನ್ನು ತಡೆದರೆ ಗೂಗಲ್ ಹುಡುಕಾಟದಲ್ಲಿ ನಿಮ್ಮ ಸ್ಥಾನಕ್ಕೆ ಏನೂ ಆಗುವುದಿಲ್ಲ.

ಸರ್ವರ್ ಬದಲಿಸುವವರಿಗೆ ಇನ್ನೊಂದು: ರೋಬಾಟ್ಸ್ ಫೈಲ್ ಇಲ್ಲದೆ 404 ಬಂದರೆ ತೊಂದರೆ ಇಲ್ಲ, ಎಲ್ಲ ಓದಬಹುದು ಅಂತ ಬಾಟ್ ತಿಳಿಯುತ್ತದೆ. ಆದರೆ 500, 503 ಥರದ ಸರ್ವರ್ ದೋಷ ಬಂದರೆ ಏನೂ ಓದಬಾರದು ಅಂತ ತಿಳಿದು ವಾಪಸ್ ಹೋಗುತ್ತದೆ.

---

ಜೋಡಿನಕ್ಷತ್ರ ಬರೆದದ್ದು

24 ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಸರ್ಚ್ ಪುಟಕ್ಕೆ ಗೂಗಲ್‌ಬಾಟ್ ಬರುವುದು ಎರಡನೇ ದಿನವೇ ನಿಂತಿತು. ಹೆಸರು ಹಾಕಿಕೊಂಡು ಬಂದ ಆ ಎರಡು ಐಪಿ ಮಾತ್ರ ಇನ್ನೂ ಬರುತ್ತಿವೆ, ಹಳೆಬೇರು ಹೇಳಿದ ವಿನಂತಿಯ ಮಾತು ಈಗ ಕಣ್ಣಾರೆ ಕಂಡೆ. ಅವನ್ನು ಸರ್ವರ್‌ನಲ್ಲೇ ತಡೆದೆ. ಬಿಟ್ಟುಹೋಗಿದ್ದ ಟಿಪ್ಪಣಿ ಪುಟಗಳಿಗೆ ಈಗ ಬಾಟ್ ಬರುತ್ತಿದೆ. ಪರೀಕ್ಷೆಯ ಚಿತ್ರದಲ್ಲಿ ನಕ್ಷೆಗಳು ಸರಿಯಾಗಿ ಮೂಡಿವೆ.

ತಪ್ಪು ಅಂಕಿಗಳ 41 ಪುಟಗಳಲ್ಲಿ 38 ಹೋದವು. ಪ್ರತಿದಿನ ಬೆಳಿಗ್ಗೆ ಎದ್ದು ಒಂದೊಂದಾಗಿ ಹುಡುಕಿ ನೋಡುತ್ತಿದ್ದೆ. ಆ ವಿದ್ಯಾರ್ಥಿಗೂ ಸರಿಯಾದ ಅಳತೆ ಬರೆದು ಕಳಿಸಿದ್ದೇನೆ. ಉಳಿದ ಮೂರು ಯಾಕೆ ಹೋಗಲಿಲ್ಲ ಅಂತ ನಿನ್ನೆ ತೆಗೆದು ನೋಡಿದೆ. ಅವು ಪಿಡಿಎಫ್. ಟ್ಯಾಗ್ ಹಾಕಲು ಅವಕ್ಕೆ ತಲೆಭಾಗವೇ ಇಲ್ಲ.

---

ಲಾಗ್‌ಓದುಗ ಬರೆದದ್ದು

ಒಳ್ಳೆಯ ಸುದ್ದಿ! ಪಿಡಿಎಫ್‌ಗೆ ಸರ್ವರ್ ಕಳಿಸುವ ಉತ್ತರದ ಹೆಡರ್‌ನಲ್ಲೇ ಹೇಳಬೇಕು. ಎಕ್ಸ್-ರೋಬಾಟ್ಸ್-ಟ್ಯಾಗ್: ನೋಇಂಡೆಕ್ಸ್. ನಿಮ್ಮ ಸರ್ವರ್ ತಂತ್ರಾಂಶ ಅಪಾಚೆಯಾ, ಎಂಜಿನ್‌ಎಕ್ಸಾ? ಹೇಳಿ, ಎಲ್ಲಿ ಬರೆಯಬೇಕು ಅಂತ ತೋರಿಸುತ್ತೇನೆ.

---

ಜೋಡಿನಕ್ಷತ್ರ ಬರೆದದ್ದು

ಎಂಜಿನ್‌ಎಕ್ಸ್. ಇವತ್ತು ಸಂಜೆ ಕೂರುತ್ತೇನೆ. ಹೇಗೂ ಮೋಡ ಇದೆ, ನಕ್ಷತ್ರ ಕಾಣುವುದಿಲ್ಲ.